ಪವಾಡದ ಪ್ರಶ್ನೆಗೆ ಪೊಲೀಸ್ ಠಾಣೆಯಲ್ಲಿ ಉತ್ತರವಿದೆಯೆ?

ದೇವರಿದ್ದಾನೆ ಎನ್ನುವವರಿಗೂ ಇಲ್ಲ ಎನ್ನುವವರಿಗೂ ನಡುವಿನ ವಾದ ಇಂದು ನಿನ್ನೆಯದಲ್ಲ. ಈ ವಾದ ಸಭೆಯಲ್ಲಿ, ಗ್ರಂಥದಲ್ಲಿ, ಹರಟೆಯ ಕಟ್ಟೆಯ ಮೇಲೆ ನಡೆದಷ್ಟು ಕಾಲ ಯಾರಿಗೂ ಹಾನಿಯಿಲ್ಲ. ಅದು ಠಾಣೆಯ ಮೆಟ್ಟಿಲೇರಿದಾಗ ಮಾತ್ರ ಚಿತ್ರವೇ ಬದಲಾಗುತ್ತದೆ. 2024ರ ಜುಲೈ 1ರಂದು ಭಾರತೀಯ ದಂಡ ಸಂಹಿತೆ ಇತಿಹಾಸ ಸೇರಿ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಾಗ, ಧಾರ್ಮಿಕ ಭಾವನೆಗೆ ಧಕ್ಕೆ ತರುವುದನ್ನು ಅಪರಾಧವೆನ್ನುವ ಹಳೆಯ 295ಎ ಕಲಂ ಹೊಸ ಸಂಹಿತೆಯ 299ನೇ ಕಲಂ ಆಗಿ ಉಳಿದುಕೊಂಡಿತು. ವಸಾಹತುಶಾಹಿಯ ಕುರುಹುಗಳನ್ನು ಅಳಿಸುತ್ತೇವೆಂದು ಹೊರಟವರು 1927ರಲ್ಲಿ ಬ್ರಿಟಿಷರು ಸೇರಿಸಿದ ಈ ಕಲಮಿನ ಸಂಖ್ಯೆಯನ್ನು ಬದಲಿಸಿದರೇ ಹೊರತು ಸತ್ವವನ್ನಲ್ಲ.

ಈ ಕಲಂ ಏನು ಮಾಡಬಲ್ಲದು ಎಂಬುದಕ್ಕೆ ಕ್ರೈಸ್ತರು ಮತ್ತು ನಾಸ್ತಿಕರ ನಡುವೆ ನಡೆದ ಒಂದು ಪ್ರಕರಣವನ್ನು ಮತ್ತೆ ನೆನಪಿಸಿಕೊಳ್ಳುವುದು ಸೂಕ್ತ. 2012ರ ಮಾರ್ಚ್‌ನಲ್ಲಿ ಮುಂಬಯಿಯ ವಿಲೆ ಪಾರ್ಲೆ ಬಳಿಯ ಇರ್ಲಾದಲ್ಲಿರುವ ವೇಲಾಂಕಣಿ ಮಾತೆಯ ಚರ್ಚಿನ ಆವರಣದಲ್ಲಿ ಶಿಲುಬೆಯ ಮೇಲಿನ ಯೇಸುವಿನ ಪಾದದಿಂದ ನೀರು ತೊಟ್ಟಿಕ್ಕತೊಡಗಿತು. ಭಕ್ತರು ಗುಂಪುಗೂಡಿ ಆ ನೀರನ್ನು ಸಂಗ್ರಹಿಸಿದರು. ಟಿವಿ ವಾಹಿನಿಯೊಂದರ ಆಹ್ವಾನದ ಮೇರೆಗೆ ವಿಚಾರವಾದಿ ಸನಲ್ ಇಡಮರುಕು ಸ್ಥಳಕ್ಕೆ ಬಂದು ಪರಿಶೀಲಿಸಿದರು. ಹತ್ತಿರದ ಶೌಚಾಲಯದ ಚರಂಡಿ ಕಟ್ಟಿಕೊಂಡು, ದೀಪದ ಬತ್ತಿ ಎಣ್ಣೆಯನ್ನು ಹೀರಿ ಮೇಲೇರಿಸುವಂತೆ ಗೋಡೆ ಆ ನೀರನ್ನು ಹೀರಿಕೊಂಡು ಶಿಲುಬೆಯ ತನಕ ತಲುಪಿಸಿದೆ ಎಂಬುದು ಅವರ ವಿವರಣೆಯಾಗಿತ್ತು.

ಮಾತು ಅಲ್ಲಿಗೆ ನಿಂತಿದ್ದರೆ ಅದೊಂದು ಕೊಳಾಯಿ ರಿಪೇರಿಯ ವಿಷಯವಾಗಿ ಮುಗಿಯುತ್ತಿತ್ತು. ಆದರೆ ಅಂದು ಟಿವಿ ಚರ್ಚೆಯಲ್ಲಿ ಚರ್ಚು ಪವಾಡಗಳ ಹೆಸರಿನಲ್ಲಿ ಹಣ ಮಾಡುತ್ತಿದೆ ಎಂಬ ಆರೋಪವೂ ಬಂತು. ಕೆಲವು ಕ್ಯಾಥೊಲಿಕ್ ಸಂಘಟನೆಗಳವರು ನಗರದ ಠಾಣೆಗಳಲ್ಲಿ 295ಎ ಅಡಿ ದೂರು ದಾಖಲಿಸಿದರು. ನಿರೀಕ್ಷಣಾ ಜಾಮೀನು ದೊರೆಯಲಿಲ್ಲ. ಅದೇ ವರ್ಷ ಇಡಮರುಕು ಫಿನ್ಲೆಂಡಿಗೆ ತೆರಳಿದರು. ಅವರು ಕ್ಷಮೆ ಕೇಳಿದರೆ ಪ್ರಕರಣ ಕೈಬಿಡುವಂತೆ ದೂರುದಾರರಿಗೆ ಹೇಳಬಹುದೆಂಬ ಸಂಕೇತ ಮುಂಬಯಿ ಮಹಾಧರ್ಮಪ್ರಾಂತ್ಯದಿಂದ ಬಂತು. ಅವರು ಕ್ಷಮೆ ಕೇಳಲಿಲ್ಲ. ತೊಟ್ಟಿಕ್ಕುವ ನೀರಿಗೆ ಕಾರಣವೇನೆಂಬ ಪ್ರಶ್ನೆ ಹಿಂದೆ ಸರಿದು, ಯಾರು ಯಾರಿಗೆ ತಲೆಬಾಗಬೇಕೆಂಬ ಪ್ರಶ್ನೆ ಮುಂದೆ ಬಂತು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಇರ್ಲಾದ ಘಟನೆಯನ್ನು ಚರ್ಚು ಅಧಿಕೃತವಾಗಿ ಪವಾಡವೆಂದು ಘೋಷಿಸಿರಲೇ ಇಲ್ಲ. ಪವಾಡದ ಮಾತು ಬಂದಾಗ ಸಂಶಯಪಡುವುದು ಕ್ಯಾಥೊಲಿಕ್ ಸಂಪ್ರದಾಯಕ್ಕೆ ಹೊಸತೂ ಅಲ್ಲ, ಹೊರಗಿನದೂ ಅಲ್ಲ. ಫ್ರಾನ್ಸಿನ ಲೂರ್ದ್ ಕ್ಷೇತ್ರದಲ್ಲಿ 1858ರಿಂದ ಇಲ್ಲಿಯವರೆಗೆ ರೋಗ ವಾಸಿಯಾಯಿತೆಂದು ಹೇಳಿಕೊಂಡವರು ಸಾವಿರಾರು ಮಂದಿ. ಅಂಥ ಹೇಳಿಕೆಗಳನ್ನು ಪರಿಶೀಲಿಸಲೆಂದೇ ಅಲ್ಲೊಂದು ವೈದ್ಯಕೀಯ ಕಚೇರಿಯಿದೆ. 2018ರ ವೇಳೆಗೆ ಚರ್ಚು ಪವಾಡವೆಂದು ಒಪ್ಪಿದ್ದು ಅವುಗಳ ಪೈಕಿ ಕೇವಲ 70 ಪ್ರಕರಣಗಳನ್ನು. ಸಂತ ಪದವಿಯ ವಿಚಾರಣೆಯಲ್ಲಿ ಅಭ್ಯರ್ಥಿಯ ವಿರುದ್ಧ ವಾದಿಸಲೆಂದೇ ‘ಸೈತಾನನ ವಕೀಲ’ ಎಂಬ ಅಡ್ಡಹೆಸರಿನ ಅಧಿಕಾರಿಯೊಬ್ಬನನ್ನು ಚರ್ಚು ಶತಮಾನಗಳ ಕಾಲ ಇರಿಸಿಕೊಂಡಿತ್ತು. 1983ರಲ್ಲಿ ಎರಡನೇ ಜಾನ್ ಪಾಲ್ ಆ ವ್ಯವಸ್ಥೆಯನ್ನು ಬದಲಿಸಿದರು.

ಆಮೇಲೂ ಆ ಮನೋಭಾವ ಪೂರ್ತಿ ಅಳಿಯಲಿಲ್ಲ. ಮದರ್ ತೆರೇಸಾ ಅವರನ್ನು ಕಟುವಾಗಿ ಟೀಕಿಸಿ 1995ರಲ್ಲಿ ಪುಸ್ತಕ ಬರೆದಿದ್ದವರು ನಾಸ್ತಿಕ ಲೇಖಕ ಕ್ರಿಸ್ಟೊಫರ್ ಹಿಚೆನ್ಸ್. 2003ರಲ್ಲಿ ತೆರೇಸಾ ಅವರಿಗೆ ‘ಪುನೀತೆ’ ಪದವಿ ನೀಡುವ ಮೊದಲು, ವಾಷಿಂಗ್ಟನ್ನಿನ ಮಹಾಧರ್ಮಪ್ರಾಂತ್ಯದಲ್ಲಿ ಅದೇ ಹಿಚೆನ್ಸ್ ಅವರನ್ನು ಕರೆಸಿ ಸಾಕ್ಷ್ಯ ಕೇಳಲಾಯಿತು. ಅವರ ವಾದವನ್ನು ಚರ್ಚು ಒಪ್ಪಲಿಲ್ಲ; 2016ರಲ್ಲಿ ತೆರೇಸಾ ಸಂತರೆಂದು ಘೋಷಿತರಾದರು. ಆದರೂ ವಾಷಿಂಗ್ಟನ್ನಿನಲ್ಲಿ ಸಾಕ್ಷಿಯಾಗಿ ಕುಳಿತ ನಾಸ್ತಿಕತೆ ಮುಂಬಯಿಯಲ್ಲಿ ಆರೋಪಿಯಾಗಿ ನಿಲ್ಲಬೇಕಾಯಿತೆಂಬುದು ಯೋಚಿಸತಕ್ಕ ಸಂಗತಿ. ಎರಡೂ ಕಡೆ ಇದ್ದದ್ದು ಒಂದೇ ಚರ್ಚು. ವ್ಯತ್ಯಾಸವಿದ್ದದ್ದು ಕೈಗೆ ಸಿಕ್ಕ ಕಾನೂನಿನಲ್ಲಿ.

ಹಾಗೆಂದು ದೂರು ಕೊಟ್ಟವರ ನೋವನ್ನು ಸುಳ್ಳೆಂದು ತಳ್ಳಿಹಾಕಲಾಗದು. 2011ರ ಜನಗಣತಿಯ ಪ್ರಕಾರ ದೇಶದ ಜನಸಂಖ್ಯೆಯಲ್ಲಿ ಕ್ರೈಸ್ತರು ಶೇ. 2.3 ಮಾತ್ರ. 2008ರ ಸೆಪ್ಟೆಂಬರ್‌ನಲ್ಲಿ ಮಂಗಳೂರು ಮತ್ತು ಸುತ್ತಮುತ್ತ ಪ್ರಾರ್ಥನಾ ಮಂದಿರಗಳ ಮೇಲೆ ನಡೆದ ದಾಳಿಯನ್ನು ಕರ್ನಾಟಕದ ಕ್ರೈಸ್ತರು ಮರೆತಿಲ್ಲ. ಕಲ್ಲೇಟು ತಿಂದ ಸಮುದಾಯಕ್ಕೆ ವಿಚಾರವಾದಿಯ ವ್ಯಂಗ್ಯವೂ ಇನ್ನೊಂದು ಕಲ್ಲಿನಂತೆಯೇ ಕೇಳಿಸುತ್ತದೆ. ಬಹುಸಂಖ್ಯಾತರ ಶ್ರದ್ಧೆಯನ್ನು ಪ್ರಶ್ನಿಸುವುದಕ್ಕೂ ಅಲ್ಪಸಂಖ್ಯಾತರ ಶ್ರದ್ಧೆಯನ್ನು ಟಿವಿ ಪರದೆಯ ಮೇಲೆ ಗೇಲಿ ಮಾಡುವುದಕ್ಕೂ ಪರಿಣಾಮದಲ್ಲಿ ಅಂತರವಿದೆ. ಪ್ರಶ್ನೆ ಎಷ್ಟೇ ನಿಷ್ಠುರವಾಗಿರಲಿ, ಅದು ಪವಾಡದ ಹೇಳಿಕೆಯ ಮೇಲಿರಬೇಕೇ ಹೊರತು ನಂಬಿದವರ ಯೋಗ್ಯತೆಯ ಮೇಲಲ್ಲ. ಈ ವಿವೇಕವನ್ನು ನಾಸ್ತಿಕರಲ್ಲಿ ಅನೇಕರು ತೋರಿಲ್ಲ ಎಂಬುದೂ ನಿಜ.

ಆದರೆ ಆ ನೋವಿಗೆ 295ಎ ಮದ್ದಾಗಲಾರದು. ಈ ಕಲಮಿನ ಅಡಿ ನ್ಯಾಯಾಲಯ ವಿಚಾರಣೆ ಆರಂಭಿಸಲು ಸರ್ಕಾರದ ಪೂರ್ವಾನುಮತಿ ಬೇಕು. ದೂರು ದಾಖಲಿಸಿಕೊಳ್ಳಲು, ಬಂಧಿಸಲು ಪೊಲೀಸರಿಗೆ ಅದು ಬೇಕಿಲ್ಲ. ಅಪರಾಧ ಜಾಮೀನುರಹಿತವಾದ್ದು. ಹೀಗಾಗಿ ವಿಚಾರಣೆಗೆ ಮೊದಲೇ ಶಿಕ್ಷೆ ಆರಂಭವಾಗುತ್ತದೆ. ಉದ್ದೇಶಪೂರ್ವಕ ದುರುದ್ದೇಶವಿದ್ದರಷ್ಟೇ ಅಪರಾಧವೆಂದು 1957ರ ರಾಮ್‌ಜಿ ಲಾಲ್ ಮೋದಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದ್ದರೂ, ಆ ಸೂಕ್ಷ್ಮ ಠಾಣೆಯ ಮೇಜಿನ ತನಕ ಇಳಿದು ಬಂದಿಲ್ಲ.

ಇದಕ್ಕಿಂತ ಮುಖ್ಯವಾದುದು, ಮೂರನೆಯವರ ದೂರಿನ ಮೇಲೆ ನಡೆಯುವ ಕಾನೂನು ಕ್ರೈಸ್ತರ ಪಾಲಿಗೂ ಇಬ್ಬಾಯ ಖಡ್ಗ ಎಂಬ ಸಂಗತಿ. ಉತ್ತರ ಪ್ರದೇಶದ ಮತಾಂತರ ನಿಷೇಧ ಕಾಯ್ದೆಗೆ 2024ರಲ್ಲಿ ತಂದ ತಿದ್ದುಪಡಿ ಯಾರು ಬೇಕಾದರೂ ದೂರು ಕೊಡಬಹುದೆಂದಿತು. ಕರ್ನಾಟಕದ 2022ರ ಕಾಯ್ದೆ ಮತಾಂತರಗೊಂಡವರ ಸಹೋದ್ಯೋಗಿಗೂ ಆ ಅಧಿಕಾರ ಕೊಟ್ಟಿತ್ತು. ಅದನ್ನು ರದ್ದುಪಡಿಸಲು ರಾಜ್ಯ ಸಚಿವ ಸಂಪುಟ 2023ರ ಜೂನ್‌ನಲ್ಲಿ ತೀರ್ಮಾನಿಸಿತು. ಒಬ್ಬರ ಅಂತಃಕರಣದ ವಿಷಯದಲ್ಲಿ ಇನ್ನೊಬ್ಬರು ಠಾಣೆಗೆ ಹೋಗಬಹುದೆಂಬ ತತ್ವವನ್ನು ನಾಸ್ತಿಕನ ವಿರುದ್ಧ ಒಪ್ಪಿದರೆ, ಅದೇ ತತ್ವ ನಾಳೆ ಪಾಸ್ಟರನ ಬಾಗಿಲು ಬಡಿದಾಗ ಬೇಡವೆನ್ನಲು ನೈತಿಕ ಬಲ ಉಳಿಯುವುದಿಲ್ಲ. ಸಂವಿಧಾನದ 25ನೇ ವಿಧಿ ಮೊದಲು ಹೇಳುವುದು ಅಂತಃಕರಣದ ಸ್ವಾತಂತ್ರ್ಯವನ್ನು; ಧರ್ಮದ ಆಚರಣೆ, ಪ್ರಚಾರಗಳ ಮಾತು ಬರುವುದು ಅದರ ನಂತರ. ನಂಬುವ ಹಕ್ಕೂ ನಂಬದಿರುವ ಹಕ್ಕೂ ಒಂದೇ ಬೇರಿನ ಎರಡು ಕೊಂಬೆಗಳು.

ಐರ್ಲೆಂಡಿನ ಕ್ರೈಸ್ತರು ಇದನ್ನು ಅರಿತರು. 2018ರ ಅಕ್ಟೋಬರ್ 26ರಂದು ಅಲ್ಲಿ ನಡೆದ ಜನಮತಗಣನೆಯಲ್ಲಿ ದೈವನಿಂದೆಯನ್ನು ಅಪರಾಧವೆನ್ನುವ ಮಾತನ್ನು ಸಂವಿಧಾನದಿಂದ ತೆಗೆಯಲು ಬಹುಮತ ಬಂತು. ಬಹುಕಾಲ ಕ್ಯಾಥೊಲಿಕ್ ಪ್ರಭಾವಕ್ಕೆ ಹೆಸರಾದ ಆ ದೇಶದಲ್ಲಿ ನಾಸ್ತಿಕರ ಈ ಬೇಡಿಕೆಯನ್ನು ಧರ್ಮಾಧ್ಯಕ್ಷರ ಮಂಡಳಿ ವಿರೋಧಿಸಲಿಲ್ಲ. ಆ ಮಾತು ಬಹುಮಟ್ಟಿಗೆ ಕಾಲಬಾಹಿರವೆಂದಿತು. ಇಂಥ ಕಾನೂನುಗಳು ಬೇರೆಡೆ ಅಲ್ಪಸಂಖ್ಯಾತರ ಮೇಲಿನ ಹಿಂಸೆಗೆ ನೆಪವಾಗುತ್ತಿವೆಯೆಂಬ ಕಳವಳವೂ ಅದಕ್ಕಿತ್ತು. ಅದಾಗಿ ಐದೇ ದಿನಗಳಲ್ಲಿ ಪಾಕಿಸ್ತಾನದ ಸುಪ್ರೀಂ ಕೋರ್ಟ್ ಆಸಿಯಾ ಬೀಬಿಯನ್ನು ಖುಲಾಸೆಗೊಳಿಸಿತು. ದೈವನಿಂದೆಯ ಆರೋಪದ ಮೇಲೆ 2010ರಲ್ಲಿ ಮರಣದಂಡನೆಗೆ ಗುರಿಯಾಗಿದ್ದ ಆಕೆ ಕ್ರೈಸ್ತ ಕೃಷಿ ಕಾರ್ಮಿಕ ಮಹಿಳೆ.

ನಮ್ಮ ನೆಲದಲ್ಲೂ ಹೊಂದಾಣಿಕೆಯ ನಿದರ್ಶನಗಳಿಗೆ ಬರವಿಲ್ಲ. ಪವಾಡಪುರುಷರಿಗೆ ಸವಾಲೆಸೆದ ಅಬ್ರಹಾಂ ಕೋವೂರ್ 1898ರಲ್ಲಿ ತಿರುವಲ್ಲದಲ್ಲಿ ಹುಟ್ಟಿದ್ದು ಮಾರ್ತೋಮಾ ಚರ್ಚಿನ ಪಾದ್ರಿಯೊಬ್ಬರ ಮನೆಯಲ್ಲಿ. ಪಾಠ ಹೇಳಿದ್ದು ಜಾಫ್ನಾದ ಮೆಥಡಿಸ್ಟ್ ಶಾಲೆಯಲ್ಲಿ. ವಿಜಯವಾಡದಲ್ಲಿ ನೆಲೆಗೊಂಡ ನಾಸ್ತಿಕ ಕೇಂದ್ರದ ಸ್ಥಾಪಕ ಗೋರಾ ಅವರ ಪುತ್ರ ಲವಣಂ 1960ರಲ್ಲಿ ಕೈಹಿಡಿದದ್ದು ದಲಿತ ಕ್ರೈಸ್ತ ಹಿನ್ನೆಲೆಯ ತೆಲುಗು ಮಹಾಕವಿ ಗುರ್ರಂ ಜಾಷುವಾ ಅವರ ಪುತ್ರಿ ಹೇಮಲತಾ ಅವರನ್ನು. ಈ ದಂಪತಿಗಳ ಮುಖ್ಯ ಕಾರ್ಯಕ್ಷೇತ್ರ ಆಂಧ್ರ ಕರಾವಳಿಯ ಸ್ಟೂವರ್ಟ್‌ಪುರಂ. ‘ಅಪರಾಧಿ ಬುಡಕಟ್ಟು’ ಎಂಬ ಹಣೆಪಟ್ಟಿ ಹೊತ್ತ ಯೆರುಕುಲರನ್ನು ಕೂಡಿಹಾಕಲು ಬ್ರಿಟಿಷ್ ಸರ್ಕಾರ ಸ್ಥಾಪಿಸಿ, ಸಾಲ್ವೇಶನ್ ಆರ್ಮಿ ಎಂಬ ಕ್ರೈಸ್ತ ಸಂಸ್ಥೆಗೆ ಒಪ್ಪಿಸಿದ ವಸಾಹತು ಅದು. ಭೂಮಿ, ಶಾಲೆಗಳ ಜೊತೆಗೆ ಹಾಜರಿ ಮತ್ತು ಕಾವಲು ಕೂಡ ಅಲ್ಲಿತ್ತು. ಆ ಕಾಯ್ದೆ 1952ರಲ್ಲಿ ರದ್ದಾದರೂ ಹಣೆಪಟ್ಟಿ ಅಳಿಯಲಿಲ್ಲ. 1970ರ ದಶಕದಲ್ಲಿ ಅಲ್ಲಿಗೆ ಹೋದ ಹೇಮಲತಾ ಮತ್ತು ಲವಣಂ, ಕಳ್ಳತನವನ್ನು ಬಿಟ್ಟವರಿಗೆ ಹೊಸ ಬದುಕು ಕಟ್ಟಿಕೊಡಲು ದುಡಿದರು. ಮಿಶನರಿಗಳ ಶಾಲೆಯನ್ನು ಕಂಡ ಊರಿನಲ್ಲಿ ನಾಸ್ತಿಕರ ಕೆಲಸಕ್ಕೂ ಜಾಗವಿತ್ತು. ದೇವರಿದ್ದಾನೆಯೆ ಎಂಬ ಪ್ರಶ್ನೆ ಇತ್ಯರ್ಥವಾಗುವ ತನಕ ಯಾರೂ ಕಾಯಲಿಲ್ಲ.

ಈ ಹಿನ್ನೆಲೆಯಲ್ಲಿ ಆಗಬೇಕಾದುದು ಅಸಾಧ್ಯವಾದುದೇನಲ್ಲ. 299ನೇ ಕಲಮನ್ನು ಕೈಬಿಡುವ ಧೈರ್ಯ ಸರ್ಕಾರಗಳಿಗಿಲ್ಲದಿದ್ದರೆ, ಕನಿಷ್ಠ ಪಕ್ಷ ವಿಚಾರಣೆಗೆ ಬೇಕಾದ ಪೂರ್ವಾನುಮತಿಯನ್ನು ಬಂಧನಕ್ಕೂ ಅನ್ವಯಿಸುವ ತಿದ್ದುಪಡಿ ತರಲಿ. ಚರ್ಚಿನ ಹಿರಿಯರು ಲೂರ್ದ್‌ನಲ್ಲಿ ತೋರುವ ಸಂಶಯದ ಶಿಸ್ತನ್ನು ತಮ್ಮ ಊರಿನ ಪವಾಡಗಳಿಗೂ ಅನ್ವಯಿಸಿ, ಭಕ್ತರ ಹೆಸರಿನಲ್ಲಿ ಠಾಣೆಗೆ ಹೋಗುವ ಸಂಘಟನೆಗಳಿಗೆ ಸಾರ್ವಜನಿಕವಾಗಿ ಬುದ್ಧಿ ಹೇಳಲಿ. ಪಾಸ್ಟರರ ಮೇಲೆ ಸುಳ್ಳು ಮೊಕದ್ದಮೆ ಬಿದ್ದಾಗ ವಿಚಾರವಾದಿಗಳು ಅವರ ಪರವಾಗಿ ನಿಲ್ಲಲಿ. ಪವಾಡವನ್ನು ಪ್ರಶ್ನಿಸಿದವರು ಅಂಥ ಹೊತ್ತಿನಲ್ಲಿ ಜೊತೆಗೆ ನಿಂತರೆ, ಅವರ ಪ್ರಶ್ನೆ ಹಗೆತನದಿಂದ ಹುಟ್ಟಿದ್ದಲ್ಲವೆಂದು ನಂಬಿದವರಿಗೂ ಮನವರಿಕೆಯಾದೀತು.