ಕಪ್ಪು ತಂತಿ ಯಾವುದು?



2023ರ ಜೂನ್ ತಿಂಗಳ ಒಂದು ಸಂಜೆ. ಮಗ್ರಿಬ್ ನಮಾಝ್ ಮುಗಿಸಿ ಮಕ್ಕಳ ನೋಟ್ ಪುಸ್ತಕ ತಿದ್ದಲು ಕುಳಿತಿದ್ದೆ. ಅಮೇರಿಕಾದ ಮಿಷಿಗನ್‌ನಿಂದ ತಂಗಿಯ ಫೋನ್ ಬಂತು. ಅಲ್ಲಿ ಆಗ ಬೆಳಗ್ಗಿನ ಹೊತ್ತು. ಸಲಾಮ್ ಹೇಳುವಾಗಲೇ ಅವಳ ದನಿ ನಡುಗುತ್ತಿತ್ತು.

"ಆಪಾ, ಸಣ್ಣವನಿಗೆ ಕರೆಂಟ್ ಹೊಡೆಯಿತು. ಗಾಡಿಯ ಬಾಗಿಲಿನ ಹಿಡಿ ಮುಟ್ಟಿದ್ದಷ್ಟೇ. ಕೈ ಜುಮ್ಮೆಂದಿತು ಅಂತ ಅಳುತ್ತಿದ್ದಾನೆ."

ಮಗು ಉಸಿರಾಡುತ್ತಿದ್ದಾನೆಯೇ, ಮಾತಾಡುತ್ತಿದ್ದಾನೆಯೇ ಎಂದು ಕೇಳಿದೆ. ಹೌದು, ಏನೂ ಆಗಿಲ್ಲ ಎಂದಳು. "ಮೊದಲು ಮನೆಯೊಳಗೆ ಹೋಗಿ ಆ ಗಾಡಿಗೆ ಹೋಗುವ ಸ್ವಿಚ್ ಇಳಿಸು. ಗಾಡಿಯನ್ನು ಯಾರೂ ಮುಟ್ಟಬೇಡಿ, ಪ್ಲಗ್ ಕೀಳಲೂ ಹೋಗಬೇಡಿ" ಎಂದೆ. ನಾನು ಓದಿದ್ದು ಮದ್ರಸದಲ್ಲಿ, ಆಮೇಲೆ ಬಿ.ಎ. ವಿದ್ಯುತ್ತಿನ ವಿಷಯ ನನಗೇನು ಗೊತ್ತು? ಆದರೆ ಹಿಂದೊಮ್ಮೆ ನಮ್ಮ ಮನೆಯ ಗ್ರೈಂಡರ್ ಹೀಗೆಯೇ ಜುಮ್ಮೆನ್ನಿಸುತ್ತಿತ್ತು. ನಾವು ಚಪ್ಪಲಿ ಹಾಕಿಕೊಂಡು ಹಿಟ್ಟು ರುಬ್ಬುತ್ತಿದ್ದೆವೇ ಹೊರತು ರಿಪೇರಿ ಮಾಡಿಸಿರಲಿಲ್ಲ. ನಿಮ್ಮಲ್ಲಿ ಎಷ್ಟು ಮಂದಿ ಈಗಲೂ ಹಾಗೆ ಮಾಡುತ್ತಿದ್ದೀರೋ!

ಗಾಡಿ ಎಂದರೆ ಏನೆಂದು ಹೇಳಬೇಕು. ಕಾರಿನ ಹಿಂದೆ ಕಟ್ಟಿ ಎಳೆದೊಯ್ಯುವ ಚಕ್ರದ ಮನೆ. ಟ್ರಾವೆಲ್ ಟ್ರೈಲರ್ ಎನ್ನುತ್ತಾರೆ. ಒಳಗೆ ಮಂಚ, ಒಲೆ, ಫ್ರಿಜ್, ಬಚ್ಚಲು ಎಲ್ಲವೂ ಇರುತ್ತದೆ. ಮಿಷಿಗನ್‌ನ ಪಕ್ಕದ ಇಂಡಿಯಾನಾ ರಾಜ್ಯದ ಎಲ್ಕಾರ್ಟ್ ಎಂಬ ಊರು ಇಂತಹ ಗಾಡಿಗಳ ತಯಾರಿಕೆಗೇ ಪ್ರಸಿದ್ಧ. ತಂಗಿಯ ಮನೆಯವರು ಹಳೆಯದೊಂದನ್ನು ಕೊಂಡು ಅಂಗಳದಲ್ಲಿ ನಿಲ್ಲಿಸಿದ್ದರು. ಅದಕ್ಕೆ ಕರೆಂಟ್ ಕೊಡಲು ಪರಿಚಯದವರೊಬ್ಬರಿಂದ ಹೊರಗೋಡೆಯಲ್ಲಿ ಹೊಸ ಪ್ಲಗ್ ಪಾಯಿಂಟ್ ಹಾಕಿಸಿದ್ದರು. ಕಡಿಮೆ ದುಡ್ಡಿಗೆ ಆಯಿತೆಂಬ ಸಂತೋಷ ಬೇರೆ.

ಆ ವಾರ ನಡೆದದ್ದನ್ನೆಲ್ಲ ಅವಳು ಒಂದೊಂದಾಗಿ ಹೇಳಿದಳು. ಮೊದಲ ದಿನ ಮೈಕ್ರೋವೇವ್ ಟಪ್ ಎಂದು ಸತ್ತಿತು. ಹಳೆಯದಲ್ಲವೇ ಎಂದು ಸುಮ್ಮನಾದರು. ದೀಪಗಳು ಚೆನ್ನಾಗಿಯೇ ಉರಿಯುತ್ತಿದ್ದವು. ಮೂರನೇ ದಿನ ಅವೂ ಮಂಕಾದವು. ಬ್ಯಾಟರಿ ಹೋಗಿದೆ ಎಂದು ತಂಗಿಯ ಗಂಡ ಹೊಸ ಬ್ಯಾಟರಿ ತಂದು ಕೂರಿಸಿದ. ಕಿಡಿ ಹಾರಿ ಇಡೀ ಗಾಡಿ ಕತ್ತಲಾಯಿತು. ಮರುದಿನ ಬೆಳಗ್ಗೆ ಮಳೆ ಬಂದು ನಿಂತ ಹುಲ್ಲಿನ ಮೇಲೆ ಬರಿಗಾಲಲ್ಲಿ ನಿಂತು ಮಗು ಬಾಗಿಲಿನ ಹಿಡಿ ಮುಟ್ಟಿತ್ತು.

ಪಕ್ಕದ ಮನೆಯಲ್ಲಿ ನಿವೃತ್ತ ಎಲೆಕ್ಟ್ರಿಷಿಯನ್ ಒಬ್ಬರಿದ್ದರು. ಅವರು ಮಲ್ಟಿಮೀಟರ್ ಹಿಡಿದು ಬಂದರು. ಗಾಡಿಯ ಕೇಬಲ್ ಬಿಚ್ಚಿಸಿ, ಸ್ವಿಚ್ ಹಾಕಿಸಿ, ಮೊದಲು ನೋಡಿದ್ದು ಗಾಡಿಯನ್ನಲ್ಲ, ಗೋಡೆಯ ಪ್ಲಗ್ಗನ್ನು. ಅಲ್ಲಿ 120 ವೋಲ್ಟ್ ಇರಬೇಕಿತ್ತು. ಮೀಟರ್ 240 ತೋರಿಸಿತು.

ನಮ್ಮಲ್ಲಿ ಮನೆಯ ಕರೆಂಟ್ 230 ವೋಲ್ಟ್. ಅಮೇರಿಕಾದಲ್ಲಿ ಸಾಮಾನ್ಯ ಉಪಕರಣಗಳಿಗೆ 120 ಮಾತ್ರ. (ಊರಿನಿಂದ ಒಯ್ದ ಮಿಕ್ಸಿ ಅಲ್ಲಿ ಸೋಮಾರಿಯಂತೆ ತಿರುಗುವುದು ಇದಕ್ಕೇ.) ಆದರೆ ಅಲ್ಲಿನ ಮನೆಗಳಿಗೆ ಎರಡು ಫೇಸ್ ತಂತಿಗಳು ಬರುತ್ತವೆ. ಒಂದು ತಂತಿ ಮತ್ತು ನ್ಯೂಟ್ರಲ್ ನಡುವೆ 120, ಎರಡೂ ತಂತಿಗಳ ನಡುವೆ 240. ಬಟ್ಟೆ ಒಣಗಿಸುವ ಯಂತ್ರ, ದೊಡ್ಡ ಒಲೆ ಇಂತಹವುಗಳಿಗೆ 240 ಕೊಡುತ್ತಾರೆ. ಟ್ರೈಲರಿನ 30 ಆಂಪಿಯರ್ ಪ್ಲಗ್ಗಿಗೂ ಮೂರು ರಂಧ್ರ, ಹಳೆಯ ಬಟ್ಟೆ ಒಣಗಿಸುವ ಯಂತ್ರದ 30 ಆಂಪಿಯರ್ ಪ್ಲಗ್ಗಿಗೂ ಮೂರು ರಂಧ್ರ. ಎರಡರ ಆಕಾರ ಒಂದೇ ಅಲ್ಲ, ಆದರೂ ಟ್ರೈಲರಿನ ಪರಿಚಯವಿಲ್ಲದವರು ಅದನ್ನು ಯಂತ್ರದ ಪ್ಲಗ್ಗೆಂದೇ ತಿಳಿದು ಎರಡು ಫೇಸ್ ಕೊಟ್ಟುಬಿಡುತ್ತಾರೆ. ಅಲ್ಲಿ ಇದು ಅಪರೂಪದ ತಪ್ಪಲ್ಲವಂತೆ. ವೋಲ್ಟೇಜ್ ಇಮ್ಮಡಿಯಾದರೆ ಹೀಟರಿನಂತಹ ವಸ್ತುವಿನಲ್ಲಿ ಶಾಖ ನಾಲ್ಕು ಪಟ್ಟಾಗುತ್ತದೆ ಎಂದು ನಮ್ಮ ಶಾಲೆಯ ವಿಜ್ಞಾನದ ಟೀಚರ್ ಲೆಕ್ಕ ಮಾಡಿ ತೋರಿಸಿದರು. ಎ.ಸಿ. ಹಾಕದೇ ಇದ್ದದ್ದು ಪುಣ್ಯ.

ಹಾಗಾದರೆ ಎರಡು ದಿನ ದೀಪ ಉರಿದದ್ದು ಹೇಗೆ? ಈ ಪ್ರಶ್ನೆ ನನ್ನನ್ನು ಬಹಳ ಕಾಡಿತು. ಟ್ರೈಲರಿನೊಳಗೆ ಎರಡು ಬಗೆಯ ಕರೆಂಟ್ ಇರುತ್ತದೆ. ಮೈಕ್ರೋವೇವ್, ಎ.ಸಿ. ನಡೆಯುವುದು 120 ವೋಲ್ಟಿನಲ್ಲಿ. ದೀಪ, ನೀರಿನ ಪಂಪ್ ನಡೆಯುವುದು ಬ್ಯಾಟರಿಯ 12 ವೋಲ್ಟಿನಲ್ಲಿ. ನಡುವೆ ಕನ್ವರ್ಟರ್ ಎಂಬ ಪೆಟ್ಟಿಗೆ ಕುಳಿತು 120ನ್ನು 12 ಮಾಡಿ ಬ್ಯಾಟರಿಯನ್ನೂ ಚಾರ್ಜ್ ಮಾಡುತ್ತದೆ. 240 ಬಂದೊಡನೆ ಆ ಪೆಟ್ಟಿಗೆ ಸದ್ದಿಲ್ಲದೆ ಸುಟ್ಟುಹೋಗಿತ್ತು. ದೀಪ ಉರಿದದ್ದು ಬ್ಯಾಟರಿಯಲ್ಲಿ ಉಳಿದಿದ್ದ ಶಕ್ತಿಯಿಂದ. ಅದು ಮುಗಿದಾಗ ಮಂಕಾಯಿತು. ಬ್ಯಾಟರಿಯ ತಪ್ಪು ಏನೂ ಇರಲಿಲ್ಲ.

ಇನ್ನು ಆ ಕಿಡಿ. ತಂಗಿಯ ಗಂಡ ಊರಲ್ಲಿದ್ದಾಗ ವೈರಿಂಗ್ ಕೆಲಸ ಕಲಿತವನು. ನಮ್ಮ ಹಳೆಯ ಪದ್ಧತಿಯಲ್ಲಿ ಕೆಂಪು ಫೇಸ್, ಕಪ್ಪು ನ್ಯೂಟ್ರಲ್, ಹಸಿರು ಅರ್ತಿಂಗ್. ಕಾರಿನ ಬ್ಯಾಟರಿಯಲ್ಲೂ ಕೆಂಪು ಪ್ಲಸ್, ಕಪ್ಪು ಮೈನಸ್. ಹೀಗಾಗಿ ಕಪ್ಪು ಎಂದರೆ ಅಪಾಯವಿಲ್ಲದ್ದು ಎಂಬುದು ಅವನ ಕೈಗೇ ಅಭ್ಯಾಸವಾಗಿತ್ತು. ಅಮೇರಿಕಾದ ಮನೆಗಳಲ್ಲಿ ಕಪ್ಪೇ ಫೇಸ್, ಬಿಳಿ ನ್ಯೂಟ್ರಲ್. ಟ್ರೈಲರಿನ ಬ್ಯಾಟರಿಯಲ್ಲಿಯೂ ಸಾಮಾನ್ಯವಾಗಿ ಕಪ್ಪು ಪ್ಲಸ್, ಬಿಳಿ ಮೈನಸ್! ಅವನು ಕಪ್ಪನ್ನು ಮೈನಸ್‌ಗೆ ಕೊಟ್ಟಿದ್ದ. ಹೀಗೆ ಉಲ್ಟಾ ಆದರೆ ಉಳಿದದ್ದು ಸುಡದಿರಲೆಂದು ಫ್ಯೂಸ್ ಪೆಟ್ಟಿಗೆಯಲ್ಲಿ ಬೇರೆಯೇ ಫ್ಯೂಸುಗಳನ್ನು ಇಟ್ಟಿರುತ್ತಾರೆ. ಅವು ಹಾರಿದ್ದವು. ಅವನನ್ನು ನಾನು ದೂರಲಾರೆ. ಹದಿನೈದು ವರ್ಷ ಒಂದು ಬಣ್ಣವನ್ನು ನಂಬಿದವನು ಒಂದು ರಾತ್ರಿಯಲ್ಲಿ ಹೇಗೆ ಬದಲಾದಾನು? ಆದರೆ ತಂತಿ ಬಿಚ್ಚುವ ಮುನ್ನ ಹಳೆಯ ಬ್ಯಾಟರಿಯ ಒಂದು ಫೋಟೋ ತೆಗೆದುಕೊಂಡಿದ್ದರೆ ಸಾಕಿತ್ತು. ಇದನ್ನು ತಂಗಿ ಅವನಿಗೆ ದಿನಕ್ಕೊಮ್ಮೆ ಹೇಳುತ್ತಾಳೆಂದು ಕೇಳಿದ್ದೇನೆ.

ಮಗುವಿಗೆ ತಗಲಿದ್ದು ಮೂರನೆಯ ತಪ್ಪಿನಿಂದ. ಗೋಡೆಯ ಪ್ಲಗ್ಗಿನಲ್ಲಿ ಅರ್ತಿಂಗ್ ತಂತಿಯ ಸ್ಕ್ರೂ ಬಿಗಿದೇ ಇರಲಿಲ್ಲ. ಸುಟ್ಟ ಉಪಕರಣದಿಂದ ಸೋರಿದ ಕರೆಂಟ್ ಅರ್ತಿಂಗಿನ ಮೂಲಕ ಹರಿದುಹೋಗಿದ್ದರೆ ಬ್ರೇಕರ್ ಬಿದ್ದು ಎಲ್ಲವೂ ನಿಲ್ಲಬಹುದಿತ್ತು. ದಾರಿ ಸಿಗದೆ ಅದು ಗಾಡಿಯ ಲೋಹದ ಮೈಯಲ್ಲೇ ನಿಂತಿತ್ತು. ಗಾಡಿಯ ಟೈರುಗಳು ರಬ್ಬರ್. ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತ ಮಗುವೇ ದಾರಿಯಾಯಿತು. ಒಳಗಿದ್ದ ದೊಡ್ಡವರಿಗೆ ಏನೂ ಗೊತ್ತಾಗಲಿಲ್ಲ, ಏಕೆಂದರೆ ಅವರು ಗಾಡಿಯ ಮೇಲೆಯೇ ಇದ್ದರು, ನೆಲ ಮುಟ್ಟಿರಲಿಲ್ಲ. ಜುಮ್ಮೆನ್ನುವುದನ್ನು ಸಣ್ಣ ವಿಷಯವೆಂದು ಬಿಡುತ್ತೇವಲ್ಲ, ನೆಲ ಇನ್ನಷ್ಟು ಒದ್ದೆಯಾಗಿದ್ದರೆ ಅದೇ ಪ್ರಾಣ ತೆಗೆಯುತ್ತಿತ್ತು ಎಂದು ಆ ಹಿರಿಯರು ಹೇಳಿದರಂತೆ. ತಂಗಿ ಅದನ್ನು ನನಗೆ ಹೇಳುವಾಗ ಮತ್ತೆ ಅತ್ತಳು.

ಅವರು ರಿಪೇರಿ ಮಾಡಿದ ಕ್ರಮ ನನಗೆ ಇಷ್ಟವಾಯಿತು. ಮೊದಲು ಮನೆಯ ಪ್ಯಾನೆಲ್ಲಿನಲ್ಲಿ ಜೋಡಿ ಬ್ರೇಕರ್ ತೆಗೆದು ಒಂಟಿ 30 ಆಂಪಿಯರ್ ಬ್ರೇಕರ್ ಹಾಕಿದರು. ಕಪ್ಪು ಅದಕ್ಕೆ, ಬಿಳಿ ನ್ಯೂಟ್ರಲ್ ಪಟ್ಟಿಗೆ, ಬರಿ ತಾಮ್ರದ ತಂತಿ ಅರ್ತಿಂಗಿಗೆ. ಮತ್ತೆ ಮೀಟರ್ ಇಟ್ಟರು: ಫೇಸ್-ನ್ಯೂಟ್ರಲ್ 120, ಫೇಸ್-ಅರ್ತಿಂಗ್ 120, ನ್ಯೂಟ್ರಲ್-ಅರ್ತಿಂಗ್ ಹೆಚ್ಚುಕಡಿಮೆ ಸೊನ್ನೆ. ಆಮೇಲೆಯೇ ಗಾಡಿಯ ಸರದಿ. ಬ್ಯಾಟರಿ ಸರಿಯಾಗಿ ಜೋಡಿಸಿ ಹಾರಿದ ಫ್ಯೂಸ್ ಬದಲಿಸಿದಾಗ ದೀಪ ಬಂತು. ಆದರೆ ಕೇಬಲ್ ಚುಚ್ಚಿದರೂ ಬ್ಯಾಟರಿಯಲ್ಲಿ 12.6 ವೋಲ್ಟೇ ಇತ್ತು. ಚಾರ್ಜ್ ಆಗುತ್ತಿದ್ದರೆ 13ರ ಮೇಲೆ ಏರಬೇಕು. ಕನ್ವರ್ಟರ್ ಸತ್ತಿರುವುದು ಖಾತ್ರಿಯಾಗಿ ಹೊಸದು ಹಾಕಿಸಿದರು. ಸೋರುತ್ತಿದ್ದದ್ದೂ ಅದೇ ಆಗಿತ್ತು. ಹಳೆಯದನ್ನು ಕಳಚಿದ ಮೇಲೆ ಗಾಡಿಯ ಮೈಗೂ ನೆಲಕ್ಕೂ ನಡುವೆ ಮೀಟರ್ ಇಟ್ಟು ನೋಡಿಯೇ ಮಕ್ಕಳನ್ನು ಹತ್ತಿರ ಬಿಟ್ಟರು. ವೋಲ್ಟೇಜ್ ಹೆಚ್ಚಾದರೆ ಗಾಡಿಗೆ ಕರೆಂಟ್ ಬಿಡದ ಒಂದು ರಕ್ಷಣಾ ಪೆಟ್ಟಿಗೆ ಅಲ್ಲಿ ಸಿಗುತ್ತದೆ, ಗೋಡೆಗೂ ಕೇಬಲ್ಲಿಗೂ ನಡುವೆ ಚುಚ್ಚುವುದು. ಅದನ್ನೂ ಕೊಂಡರು. ಪ್ಲಗ್ ಪಾಯಿಂಟಿನಲ್ಲಿ ಉಳಿಸಿದ್ದ ದುಡ್ಡಿನ ಎಷ್ಟೋ ಪಟ್ಟು ಖರ್ಚಾಯಿತು.

ನಮ್ಮ ಗ್ರೈಂಡರನ್ನೂ ಆ ವಾರವೇ ಎಲೆಕ್ಟ್ರಿಷಿಯನ್‌ಗೆ ತೋರಿಸಿದೆ. ಅರ್ತಿಂಗ್ ಪಿನ್ನಿನ ತಂತಿ ಒಳಗೇ ತುಂಡಾಗಿತ್ತು. ಹತ್ತು ನಿಮಿಷದ ಕೆಲಸ.

ಆಗಸ್ಟ್‌ನಲ್ಲಿ ಅವರು ಮಿಷಿಗನ್ ಸರೋವರದ ದಡಕ್ಕೆ ಹೋಗಿದ್ದರು. ತಂಗಿ ಕಳುಹಿಸಿದ ಫೋಟೋದಲ್ಲಿ ಬ್ಯಾಟರಿ ಪೆಟ್ಟಿಗೆಯ ಮೇಲೆ ಒಂದು ಚೀಟಿ ಅಂಟಿಸಿದ್ದು ಕಂಡಿತು. "ಇಲ್ಲಿ ಕಪ್ಪು ಎಂದರೆ ಪ್ಲಸ್" ಎಂದು ಕನ್ನಡದಲ್ಲಿ ಬರೆದಿದ್ದಳು. ಮಗು ಮಾತ್ರ ಈಗಲೂ ಅಪ್ಪ ಮೊದಲು ಮುಟ್ಟಿದ ಮೇಲೆಯೇ ಆ ಬಾಗಿಲಿನ ಹಿಡಿ ಮುಟ್ಟುತ್ತಾನಂತೆ.