ಚಿನ್ನದ ಬೊಂಬೆಗಳ ನಗರ: ಒಂದು ಆಟದ ಧರ್ಮಜಿಜ್ಞಾಸೆ

ವಿಡಿಯೊ ಆಟಗಳನ್ನು ಸಾಹಿತ್ಯದ ಚರ್ಚೆಗೆ ತರುವುದು ನಮ್ಮ ಭಾಷಾ ವಿಭಾಗಗಳಲ್ಲಿ ಇನ್ನೂ ರೂಢಿಯಾಗಿಲ್ಲ. ಹಾಗಿದ್ದೂ ಕಥನಶಾಸ್ತ್ರದ ವಿದ್ಯಾರ್ಥಿಗಳು ‘ದಿ ಫರ್ಗಾಟನ್ ಸಿಟಿ’ಯನ್ನು ಒಂದು ಕೃತಿಯೆಂದೇ ಪರಿಗಣಿಸಿ ಓದಬೇಕೆಂಬುದು ನನ್ನ ಅಭಿಪ್ರಾಯ. ಆಸ್ಟ್ರೇಲಿಯದ ನಿಕ್ ಪಿಯರ್ಸ್ ವೃತ್ತಿಯಿಂದ ವಕೀಲರು. ‘ಸ್ಕೈರಿಮ್’ ಎಂಬ ಪ್ರಸಿದ್ಧ ಆಟಕ್ಕೆ ಜೋಡಣೆಯಾಗಿ 2015ರಲ್ಲಿ ಅವರು ರಚಿಸಿದ ಈ ಕಥೆಗೆ ಮರುವರ್ಷ ಆ ದೇಶದ ಲೇಖಕರ ಸಂಘದ ಪ್ರಶಸ್ತಿ ದೊರೆಯಿತು. ಬಳಿಕ ಅವರು ವಕೀಲಿ ವೃತ್ತಿಯನ್ನು ತೊರೆದು, ಪುಟ್ಟದೊಂದು ತಂಡದೊಡನೆ ಕಥೆಯನ್ನು ರೋಮನ್ ಕಾಲಕ್ಕೆ ಒಗ್ಗಿಸಿ, 2021ರಲ್ಲಿ ಸ್ವತಂತ್ರ ಕೃತಿಯಾಗಿ ಹೊರತಂದರು. ವಕೀಲನ ಬುದ್ಧಿ ಕಥೆಯ ಉದ್ದಕ್ಕೂ ಕೆಲಸ ಮಾಡಿರುವುದನ್ನು ಮುಂದೆ ನೋಡಬಹುದು.

ಟೈಬರ್ ನದಿಯ ದಡದಲ್ಲಿ ಎಚ್ಚರಗೊಳ್ಳುವ ನಮ್ಮ ಕಾಲದ ಒಬ್ಬ ವ್ಯಕ್ತಿ ಸುಮಾರು ಎರಡು ಸಾವಿರ ವರ್ಷ ಹಿಂದಿನ, ಹೊರದಾರಿಯಿಲ್ಲದ ಒಂದು ನೆಲಗುಹೆಯ ನಗರವನ್ನು ಸೇರುತ್ತಾನೆ. ಅಲ್ಲಿ ಸಿಕ್ಕಿಬಿದ್ದಿರುವ ಇಪ್ಪತ್ತಕ್ಕೂ ಹೆಚ್ಚು ಜನರ ಮೇಲೆ ಒಂದೇ ಒಂದು ಶಾಸನವಿದೆ: ಒಬ್ಬನು ಪಾಪ ಮಾಡಿದರೆ ಎಲ್ಲರೂ ಅದರ ಫಲವನ್ನು ಉಣ್ಣಬೇಕು. ಪಾಪ ನಡೆದೊಡನೆ ಹಿಂದೆ ಮಡಿದವರ ಚಿನ್ನದ ಪ್ರತಿಮೆಗಳು ಜೀವತಳೆದು, ಬಿಲ್ಲು ಹಿಡಿದು, ಉಳಿದವರನ್ನೂ ಚಿನ್ನವಾಗಿಸುತ್ತವೆ. ಬಂದವನು ದ್ವಾರದೊಳಕ್ಕೆ ಓಡಿದರೆ ಅದೇ ದಿನ ಮೊದಲಿನಿಂದ ಆರಂಭ. ಪಾಪವೆಂದರೆ ಏನು ಎಂಬ ಬಗ್ಗೆ ಊರವರಲ್ಲಿ ಒಮ್ಮತವಿಲ್ಲ. ಇಂಥದೊಂದು ಶಾಸನವಿದೆ ಎಂಬುದನ್ನೇ ನಂಬದವರೂ ಅಲ್ಲಿದ್ದಾರೆ.

ಕೃತಿಯ ನಿಜವಾದ ಸತ್ತ್ವವಿರುವುದು ಈ ಅಸ್ಪಷ್ಟತೆಯಲ್ಲಿ. ಯೂಲಿಯಾ ಎಂಬ ಹೆಣ್ಣುಮಗಳು ವಿಷಪ್ರಾಶನದಿಂದ ಸಾಯುತ್ತಿದ್ದಾಳೆ. ಅವಳನ್ನು ಉಳಿಸಬಲ್ಲ ಸಿಲ್ಫಿಯಮ್ ಗಿಡದ ಅಂಟು (ಇದು ಪ್ರಾಚೀನರು ಬಳಸುತ್ತಿದ್ದು ಈಗ ಕಣ್ಮರೆಯಾಗಿರುವ ನಿಜವಾದ ಸಸ್ಯ) ಡೇಸಿಯಸ್ ಎಂಬ ವ್ಯಾಪಾರಿಯ ಬಳಿಯಿದೆ. ಅವನು ಕೇಳುವ ಬೆಲೆ ಸಾವಿರ ದಿನಾರಿ. ಸಾಯುತ್ತಿರುವವಳ ಮುಂದೆ ಔಷಧವನ್ನಿಟ್ಟುಕೊಂಡು ಸಾವಿರ ಕೇಳಿದರೆ ಪ್ರತಿಮೆಗಳು ಅಲುಗಾಡುವುದಿಲ್ಲ. ಅವಳನ್ನು ಉಳಿಸಲೆಂದು ಅದನ್ನು ಕದ್ದರೆ ಊರಿಗೆ ಊರೇ ಚಿನ್ನವಾಗುತ್ತದೆ. ಕಾನೂನು ಲೋಭವನ್ನು ಕಾಣದು, ಕಳವನ್ನು ಮಾತ್ರ ಕಾಣುತ್ತದೆ. ಶಾಸನಕ್ಕೂ ಧರ್ಮಕ್ಕೂ ನಡುವಿನ ಈ ಬಿರುಕನ್ನು ಉಪದೇಶದ ಒಂದು ಮಾತೂ ಇಲ್ಲದೆ, ಆಟಗಾರನ ಕೈಯನ್ನೇ ಕಳವಿಗೆ ಚಾಚಿಸಿ ತೋರಿಸಿರುವುದು ಅಸಾಧಾರಣವಾದ ಕಥನಕೌಶಲ.

ನನ್ನ ಆಕ್ಷೇಪವೂ ಹುಟ್ಟುವುದು ಇದೇ ಪ್ರಸಂಗದಲ್ಲಿ. ಆಟಗಾರನು ಕದಿಯುತ್ತಾನೆ, ಊರು ಸಾಯುತ್ತದೆ, ಅವನು ದ್ವಾರಕ್ಕೆ ಓಡುತ್ತಾನೆ. ಹೊಸ ಬೆಳಗಿನಲ್ಲಿ ಕದ್ದ ಔಷಧ ಅವನ ಚೀಲದಲ್ಲಿಯೇ ಇರುತ್ತದೆ. ಗಲೇರಿಯಸ್ ಎಂಬ ಸಜ್ಜನನ ಕೈಗೆ ಅದನ್ನು ಕೊಟ್ಟರೆ ಯೂಲಿಯಾ ಬದುಕುತ್ತಾಳೆ. ಕದ್ದ ವಸ್ತು ಉಳಿಯಿತು, ಕದ್ದ ಪಾಪ ಉಳಿಯಲಿಲ್ಲ. ಹಳಗನ್ನಡದ ಓದುಗರಿಗೆ ಇದು ವಿಚಿತ್ರವಾಗಿ ತೋರಬೇಕು. ನಮ್ಮ ಭವಾವಳಿಯ ಕಥೆಗಳೂ ಮರುಕಳಿಕೆಯ ಕಥೆಗಳೇ. ‘ಆದಿಪುರಾಣ’ದ ಶ್ರೀಮತಿಗೆ ಜಾತಿಸ್ಮರಣೆಯಾದಾಗ ಹಿಂದಿನ ಭವದ ನೆನಪು ಅವಳಿಗೆ ವೇದನೆಯಾಗುತ್ತದೆ. ಜನ್ನನ ಯಶೋಧರನು ಬಲಿಕೊಟ್ಟದ್ದು ಹಿಟ್ಟಿನ ಕೋಳಿಯನ್ನು. ಆದರೂ ಆ ಸಂಕಲ್ಪಹಿಂಸೆಯ ಭಾರ ಜನ್ಮಜನ್ಮಾಂತರಗಳಲ್ಲಿ ಅವನನ್ನು ಬಿಡುವುದಿಲ್ಲ. ಅಲ್ಲಿ ಪ್ರತಿ ಆವರ್ತನವೂ ಕರ್ತನ ಮೇಲೆ ಭಾರವನ್ನು ಹೇರುತ್ತದೆ; ಇಲ್ಲಿ ಪ್ರತಿ ಆವರ್ತನವೂ ಅವನನ್ನು ಹಗುರಗೊಳಿಸುತ್ತದೆ. ಒಬ್ಬನ ಪಾಪಕ್ಕೆ ಎಲ್ಲರಿಗೂ ದಂಡನೆಯೆಂಬುದನ್ನು ಅನ್ಯಾಯವೆಂದು ಖಂಡಿಸುವ ಕೃತಿಯೇ ತನ್ನ ನಾಯಕನೊಬ್ಬನನ್ನು ಎಲ್ಲ ಫಲಗಳಿಂದ ಬಿಡುಗಡೆ ಮಾಡಿಬಿಟ್ಟಿದೆ.

ಇನ್ನು ಅಂತ್ಯಗಳ ವಿಚಾರ. ಒಟ್ಟು ನಾಲ್ಕಿವೆ. ಕಾಲಚಕ್ರಕ್ಕೆ ಕಾರಣನಾದ ನಗರಾಧಿಪತಿ ಸೆಂಟಿಯಸ್ ಸತ್ತರೆ ಕಾಲವೇ ಮುರಿದು ಆಟಗಾರನು ಪಾರಾಗುತ್ತಾನೆ. ಇದು ತೀರ ಬಡ ಅಂತ್ಯ. ಕಟ್ಟಕಡೆಯದರಲ್ಲಿ ಪಾತಾಳದ ದೇವರಾದ ಪ್ಲುಟೊ ಎದುರು ವಾದಿಸಿ ಗೆದ್ದು ಜನರನ್ನು ಬಿಡಿಸಬೇಕು. ಬಹು ಅಂತ್ಯಗಳಿರುವ ಇಂಥ ಕೃತಿಗಳನ್ನು ಕಂಡೊಡನೆ ಅನೇಕಾಂತವೆಂದು ಕರೆಯುವ ಉತ್ಸಾಹ ತರುಣ ಸಂಶೋಧಕರಲ್ಲಿ ಹುಟ್ಟುವುದು ಸಹಜ. ಆದರೆ ಅನೇಕಾಂತವು ಒಂದು ವಸ್ತುವಿನ ಹಲವು ಮುಖಗಳನ್ನು ಒಪ್ಪುತ್ತದೆ. ಈ ನಾಲ್ಕು ಅಂತ್ಯಗಳಾದರೋ ಮೆಟ್ಟಿಲುಗಳು. ಮೊದಲ ಮೂರರಲ್ಲಿ ನಿಂತವನಿಗೆ ಇನ್ನೂ ಮೇಲೇರಬೇಕಿತ್ತು ಎಂಬ ಭಾವ ಉಳಿಯುವಂತೆಯೇ ಕಥೆಯನ್ನು ಕಟ್ಟಲಾಗಿದೆ. ತೀರ್ಪು ಒಂದೇ, ತಲುಪುವ ದೂರ ಮಾತ್ರ ಬೇರೆ.

ಆ ಕೊನೆಯ ವಾದವಂತೂ ನ್ಯಾಯಾಲಯದ ಪಾಟೀಸವಾಲಿನಂತಿದೆ. ರುಚಿಕರವಾಗಿದೆ, ನಿಜ. ಆದರೆ ದೇವರು ಆಸನದ ಮೇಲೆ ಕುಳಿತು ಉತ್ತರ ಕೊಡತೊಡಗಿದ ಗಳಿಗೆಯಲ್ಲಿಯೇ ಶ್ರದ್ಧೆಯ ಪ್ರಶ್ನೆ ಕೈಜಾರಿತು. ಕಾಣದ ಶಾಸನವನ್ನು ನಂಬಿ ಬದುಕಿದವರೂ ನಂಬದೆ ಬದುಕಿದವರೂ ಅಲ್ಲಿಯವರೆಗೆ ಎಷ್ಟು ಜೀವಂತವಾಗಿದ್ದರೋ, ಆಮೇಲೆ ಅವರು ಮೊಕದ್ದಮೆಯ ಕಕ್ಷಿದಾರರಾಗಿ ಉಳಿಯುತ್ತಾರೆ.

ಸಂಶೋಧಕರು ಗಮನಿಸಬೇಕಾದ ಮತ್ತೊಂದು ಎಳೆಯಿದೆ. ರೋಮನ್ ನಗರದ ಅಡಿಯಲ್ಲಿ ಗ್ರೀಕರದು, ಅದರಡಿ ಈಜಿಪ್ಟಿನದು, ಅದಕ್ಕೂ ಕೆಳಗೆ ಸುಮೇರಿಯನ್ನರದು. ಪ್ಲುಟೊ, ಹೇಡಿಸ್, ಒಸಿರಿಸ್, ನೆರ್ಗಾಲ್ ಎಂದು ಒಬ್ಬನೇ ಪಾತಾಳಾಧಿಪತಿಗೆ ನಾಲ್ಕು ಹೆಸರು. ಮೇಲಿನವರು ಕೆಳಗಿನವರ ದೇವರನ್ನು ತಮ್ಮವನೆಂದೇ ನಂಬಿದ್ದಾರೆ. ಕಳವಿಗೆ ಊರನ್ನೇ ಚಿನ್ನವಾಗಿಸುವ ಶಾಸನವು ಈ ಕಳವನ್ನು ಮಾತ್ರ ಎಣಿಸಿಲ್ಲವೇಕೆ ಎಂದು ಕೇಳಬಹುದು.