ಕೆರೆಯ ಹೆಸರಿನಲ್ಲಿ ಮತ ಕೇಳುವವರು ಯಾರು?

ಕಳೆದ ಪುರಸಭೆ ಚುನಾವಣೆಯಲ್ಲಿ ನಮ್ಮ ವಾರ್ಡಿನ ಅಭ್ಯರ್ಥಿ ಮನೆಯ ಜಗಲಿಗೆ ಬಂದು ಕೈಮುಗಿದ. "ಏನಾದ್ರೂ ಕೆಲಸ ಇದ್ರೆ ಹೇಳಿ ಅಮ್ಮಾ" ಎಂದ. ನನ್ನ ತಾಯಿ ಕೆರೆಯ ಮಾತೆತ್ತಿದರು. ಅವರು ಮದುವೆಯಾಗಿ ಈ ಊರಿಗೆ ಬಂದಾಗ ಕುಡಿಯಲು ಬಳಸುತ್ತಿದ್ದ ಕೆರೆ ಅದು. ಈಗ ಅರ್ಧ ಊರಿನ ಕೊಳಚೆ ಅಲ್ಲಿಗೇ ಹರಿಯುತ್ತದೆ. ಹುಡುಗ ಒಳ್ಳೆಯವನು, ಸುಳ್ಳು ಹೇಳಲಿಲ್ಲ. "ಕೆರೆ ನಮ್ಮ ವಾರ್ಡಿಗೆ ಬರಲ್ಲಮ್ಮಾ. ನಿಮ್ಮ ಮನೆ ಮುಂದಿನ ಚರಂಡಿಗೆ ಚಪ್ಪಡಿ ಹಾಕಿಸ್ತೀನಿ" ಎಂದ. ಗೆದ್ದ, ಚಪ್ಪಡಿ ಹಾಕಿಸಿದ. ಕೆರೆ ಹಾಗೆಯೇ ಇದೆ.

ನಮ್ಮ ಪಟ್ಟಣಗಳು ಏಕೆ ಹೀಗಿವೆ ಎಂಬ ಪ್ರಶ್ನೆಗೆ ಆ ಹುಡುಗನ ಮಾತಿನಲ್ಲೇ ಉತ್ತರ ಇದೆ ಎಂದು ನನಗೆ ಅನಿಸುತ್ತದೆ. ಚರಂಡಿ, ಬೀದಿದೀಪ, ಬೋರ್‌ವೆಲ್ ವಾರ್ಡಿಗೆ ಸೇರಿದವು. ಅವಕ್ಕೆ ಹೇಳುವವರು, ಕೇಳುವವರು ಇದ್ದಾರೆ. ಆದರೆ ಕೆರೆ, ಸಂತೆ ಮೈದಾನ, ಬಸ್ ನಿಲ್ದಾಣ, ಸ್ಮಶಾನ, ಕಸ ಸುರಿಯುವ ಜಾಗ ಇಡೀ ಊರಿಗೆ ಸೇರಿದವು. ಇಡೀ ಊರಿನ ಹೆಸರಿನಲ್ಲಿ ಮತ ಕೇಳುವವರು ನಮ್ಮಲ್ಲಿ ಒಬ್ಬರೂ ಇಲ್ಲ. ಕಾನೂನಿನಲ್ಲಿ ಅಂಥ ಚುನಾವಣೆಯೇ ಇಲ್ಲ.

ಪಟ್ಟಣ ಪಂಚಾಯಿತಿ, ಪುರಸಭೆ, ನಗರಸಭೆಗಳು ನಡೆಯುವುದು 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯಂತೆ. ಜನ ಸದಸ್ಯರನ್ನು ಆರಿಸುತ್ತಾರೆ, ಸದಸ್ಯರು ತಮ್ಮೊಳಗೆ ಒಬ್ಬರನ್ನು ಅಧ್ಯಕ್ಷರನ್ನಾಗಿ ಆರಿಸುತ್ತಾರೆ. ಅವಧಿ ಮೂವತ್ತು ತಿಂಗಳು. ಬೆಂಗಳೂರಿನ ಹೊರಗಿನ ಮಹಾನಗರ ಪಾಲಿಕೆಗಳ ಮೇಯರ್‌ಗಿರಿಯಂತೂ ವರ್ಷಕ್ಕೊಮ್ಮೆ ಕೈ ಬದಲಾಗುತ್ತ ಬಂದಿದೆ. ಅಧ್ಯಕ್ಷರ ಆಯ್ಕೆಯಲ್ಲಿ ಶಾಸಕರಿಗೂ ಸಂಸದರಿಗೂ ಮತ ಉಂಟು. ಅವರಿಬ್ಬರನ್ನೂ ಲೆಕ್ಕಕ್ಕೆ ಹಿಡಿದರೆ, ಇಪ್ಪತ್ಮೂರು ವಾರ್ಡಿನ ಪುರಸಭೆಯಲ್ಲಿ ಹದಿಮೂರು ಕೈ ಮೇಲೆದ್ದರೆ ಆಯಿತು, ಊರಿಗೆ ಅಧ್ಯಕ್ಷರು ಸಿಕ್ಕಿದಂತೆ.

ಅಧ್ಯಕ್ಷರ ಆಯ್ಕೆಯ ಅಂಥದ್ದೊಂದು ದಿನ ನಾನು ಪುರಸಭೆಯ ಗೇಟಿನ ಹೊರಗೆ ನಿಂತಿದ್ದೆ. ಒಂದು ಟೆಂಪೊ ಟ್ರಾವೆಲರ್ ನೇರವಾಗಿ ಒಳಗೆ ಬಂತು. ರೆಸಾರ್ಟ್ ಸೇರಿ ವಾರದಿಂದ ಊರಲ್ಲಿ ಕಾಣದಿದ್ದ ಸದಸ್ಯರು ಒಬ್ಬೊಬ್ಬರಾಗಿ ಇಳಿದರು. ಫೋನು ಕೈಯಲ್ಲಿರಲಿಲ್ಲ, ಅಕ್ಕಪಕ್ಕ ನೋಡಲಿಲ್ಲ. ಗೇಟಿನ ಬಳಿ ನಿಂತಿದ್ದ ಒಬ್ಬ ಹೆಂಗಸು ತನ್ನ ವಾರ್ಡಿನ ಸದಸ್ಯೆಯನ್ನು "ಅಕ್ಕಾ, ನಲ್ಲೀಲಿ ಎಂಟು ದಿನದಿಂದ ನೀರಿಲ್ಲ" ಎಂದು ಕೂಗಿ ಕರೆದಳು. ಅಕ್ಕ ತಿರುಗಿ ನೋಡುವಷ್ಟರಲ್ಲಿ ಯಾರೋ ಅವರ ಭುಜ ಹಿಡಿದು ಒಳಗೆ ಕರೆದೊಯ್ದರು. ಅರ್ಧ ಗಂಟೆಯಲ್ಲಿ ಪಟಾಕಿ ಸದ್ದು ಕೇಳಿತು. ಅಧ್ಯಕ್ಷರಿಗೆ ಹಾರ ಬಿತ್ತು. ಅವರು ಮೊದಲು ಕೃತಜ್ಞತೆ ಹೇಳಿದ್ದು ಶಾಸಕರಿಗೆ, ಆಮೇಲೆ ಪಕ್ಷಕ್ಕೆ. ಅದರಲ್ಲಿ ತಪ್ಪೇನೂ ಇಲ್ಲ, ಕುರ್ಚಿ ಕೊಟ್ಟವರು ಅವರೇ. ಯಾರು ಕೊಟ್ಟರೋ ಅವರ ಋಣ. ಊರಿನ ಋಣ ಅವರ ಮೇಲೆ ಬೀಳುವುದು ಯಾವಾಗ ಎಂಬುದೇ ನನ್ನ ಪ್ರಶ್ನೆ.

ಕೊಡುವ ಕೈ ದೂರದಲ್ಲಿದ್ದರೆ ಏನಾಗುತ್ತದೆಂದು 2018ರಲ್ಲಿ ನೋಡಿದ್ದೇವೆ. ಆ ವರ್ಷದ ಆಗಸ್ಟ್ 31ರಂದು ರಾಜ್ಯದ ನೂರಕ್ಕೂ ಹೆಚ್ಚು ಪಟ್ಟಣಗಳ ಜನ ಸಾಲಿನಲ್ಲಿ ನಿಂತು ಮತ ಹಾಕಿದರು. ಆದರೆ ಅಧ್ಯಕ್ಷ ಸ್ಥಾನಗಳಿಗೆ ರಾಜ್ಯ ಸರ್ಕಾರ ಹೊರಡಿಸಿದ ಮೀಸಲಾತಿ ಪಟ್ಟಿಯ ವ್ಯಾಜ್ಯ ಹೈಕೋರ್ಟಿನಲ್ಲಿ ಬೆಳೆಯುತ್ತ ಹೋಯಿತು. 2020ರ ಕೊನೆಯವರೆಗೂ ಆ ಊರುಗಳಿಗೆ ಅಧ್ಯಕ್ಷರೇ ಇರಲಿಲ್ಲ. ಗೆದ್ದ ಸದಸ್ಯರು ಅಧಿಕಾರವಿಲ್ಲದೆ ಕೂತರು, ಆಡಳಿತಾಧಿಕಾರಿಗಳು ಕಡತ ನಡೆಸಿದರು. ಮೊದಲ ಅವಧಿ ಮುಗಿದ ಮೇಲೆ ಮತ್ತೆ ಅದೇ ಕಥೆ: ಎರಡನೇ ಅವಧಿಯ ಮೀಸಲಾತಿ ಪಟ್ಟಿ ಹೊರಬಿದ್ದದ್ದು 2024ರ ಆಗಸ್ಟಿನಲ್ಲಿ.

ಅಧ್ಯಕ್ಷರನ್ನು ಜನರೇ ನೇರವಾಗಿ, ಪೂರ್ಣ ಐದು ವರ್ಷಕ್ಕೆ ಆರಿಸಬೇಕು ಎಂಬುದು ನನ್ನ ವಾದ. ಇದಕ್ಕೆ ಸಂವಿಧಾನ ಅಡ್ಡಿಯಾಗಿಲ್ಲ. 74ನೇ ತಿದ್ದುಪಡಿಯಿಂದ ಬಂದ 243-ಆರ್ ವಿಧಿ ಅಧ್ಯಕ್ಷರ ಆಯ್ಕೆಯ ವಿಧಾನವನ್ನು ಆಯಾ ರಾಜ್ಯಕ್ಕೇ ಬಿಟ್ಟಿದೆ. ಉತ್ತರ ಪ್ರದೇಶದಲ್ಲಿ ನೇರ ಆಯ್ಕೆ ಇದೆ. ಛತ್ತೀಸಗಢದ ರಾಯಗಢದಲ್ಲಿ 2015ರ ಜನವರಿಯಲ್ಲಿ ನೇರ ಆಯ್ಕೆಯಿಂದಲೇ ಮೇಯರ್ ಆದವರು ಮಧು ಕಿನ್ನರ್. ದಲಿತ ಸಮುದಾಯದ ಲಿಂಗತ್ವ ಅಲ್ಪಸಂಖ್ಯಾತೆ, ರೈಲುಗಳಲ್ಲಿ ಹಾಡಿ ಹೊಟ್ಟೆ ಹೊರೆಯುತ್ತಿದ್ದವರು. ಪಕ್ಷೇತರರಾಗಿ ನಿಂತು ಬಿಜೆಪಿ ಅಭ್ಯರ್ಥಿಯನ್ನು ನಾಲ್ಕು ಸಾವಿರಕ್ಕೂ ಹೆಚ್ಚು ಮತಗಳಿಂದ ಸೋಲಿಸಿದರು. ಮುಚ್ಚಿದ ಕೋಣೆಯ ಲೆಕ್ಕಾಚಾರದಲ್ಲಿ ಅವರ ಹೆಸರನ್ನು ಯಾರು ಎತ್ತುತ್ತಿದ್ದರು? ಬಾಗಿಲು ತೆರೆದಾಗ ಇಡೀ ಊರೇ ಎತ್ತಿತು.

ಆಕ್ಷೇಪಗಳು ಹಗುರವಾದವಲ್ಲ. ಅಧ್ಯಕ್ಷರು ಒಂದು ಪಕ್ಷ, ಬಹುಮತ ಇನ್ನೊಂದು ಪಕ್ಷದ್ದಾದರೆ ಸಭೆ ರಣರಂಗವಾಗುತ್ತದೆ ಎನ್ನುತ್ತಾರೆ. ಮಹಾರಾಷ್ಟ್ರ 2016ರಲ್ಲಿ ನೇರ ಆಯ್ಕೆ ತಂದು, 2020ರಲ್ಲಿ ಕೈಬಿಟ್ಟು, 2022ರಲ್ಲಿ ಮತ್ತೆ ತಂದಿತು. ಛತ್ತೀಸಗಢವೂ 2019ರಲ್ಲಿ ಬಿಟ್ಟು ಆಮೇಲೆ ಮರಳಿತು. ಜಗಳ ಆಗುವುದು ನಿಜ. ಆದರೆ ಬಜೆಟ್ಟಿನ ಜಗಳ ತೆರೆದ ಸಭೆಯಲ್ಲಿ ನಡೆದರೆ ಊರಿಗೆ ಕೇಳಿಸುತ್ತದೆ, ರೆಸಾರ್ಟಿನ ಒಪ್ಪಂದ ಕೇಳಿಸುವುದಿಲ್ಲ. ಹಣದ ಹೊಳೆ ಹರಿಯುತ್ತದೆ ಎಂಬ ಭಯವೂ ಇದೆ. ಅದು ಈಗಲೂ ಹರಿಯುತ್ತಿದೆ. ಹದಿಮೂರು ಜನರನ್ನು ಕೊಳ್ಳುವುದು ಸುಲಭ, ಮೂವತ್ತು ಸಾವಿರ ಜನರನ್ನು ಕೊಳ್ಳುವುದು ಕಷ್ಟ. ಮೀಸಲಾತಿಗೆ ಪೆಟ್ಟು ಬೀಳುತ್ತದೆ ಎಂಬ ಆತಂಕವನ್ನು ನಾನು ಗೌರವಿಸುತ್ತೇನೆ, ಏಕೆಂದರೆ ಶತಮಾನಗಳಿಂದ ಊರ ಹೊರಗಿದ್ದವರನ್ನು ಊರಿನ ಕುರ್ಚಿಗೆ ತಂದದ್ದೇ ಮೀಸಲಾತಿಯ ಸರದಿ. ಅದು ಹಾಗೆಯೇ ಉಳಿಯಬೇಕು, ಪಟ್ಟಿ ಚುನಾವಣೆಗೆ ಮೊದಲೇ ಪ್ರಕಟವಾಗಬೇಕು. ರಾಯಗಢದ ಮೇಯರ್ ಸ್ಥಾನವೂ ಪರಿಶಿಷ್ಟ ಜಾತಿಗೆ ಮೀಸಲಾಗಿದ್ದದ್ದೇ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ಅಧ್ಯಕ್ಷರ ಕೈಯಲ್ಲಿ ಅಧಿಕಾರವೇ ಇಲ್ಲದಿದ್ದರೆ ಹೇಗೆ ಆರಿಸಿದರೇನು? ಸಂವಿಧಾನದ 12ನೇ ಅನುಸೂಚಿ ಹದಿನೆಂಟು ವಿಷಯಗಳನ್ನು ಪಟ್ಟಿ ಮಾಡಿದೆ. ಆದರೆ ಮುಖ್ಯಾಧಿಕಾರಿ ವರ್ಗವಾಗುವುದು ರಾಜಧಾನಿಯ ಆದೇಶದಿಂದ. ಕುಡಿಯುವ ನೀರಿನ, ಒಳಚರಂಡಿಯ ದೊಡ್ಡ ಕಾಮಗಾರಿ ರಾಜ್ಯದ ಮಂಡಳಿಯದು. ಈ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಆಯ್ಕೆ ಬದಲಾದರೆ ಸಾಲದು, ಅಧಿಕಾರವೂ ಬರಬೇಕು. ಆದರೆ ಆ ಅಧಿಕಾರವನ್ನು ರಾಜಧಾನಿಗೆ ಹೋಗಿ ಕೇಳುವವರು ಯಾರು? ಹದಿಮೂರು ಕೈಗಳ ಅಧ್ಯಕ್ಷರು ಕೇಳಲಾರರು, ನಾಳೆ ಆ ಕೈಗಳೇ ಇಳಿದರೆ ಕುರ್ಚಿಯೂ ಇಳಿಯುತ್ತದೆ. ಊರೇ ಆರಿಸಿ ಕಳಿಸಿದವರು ಕೇಳಬಲ್ಲರು.

ನೇರ ಆಯ್ಕೆಯಿಂದ ಕೆರೆ ಮಾರನೆಯ ದಿನ ತಿಳಿಯಾಗುವುದಿಲ್ಲ. ಆದರೆ ಮುಂದಿನ ಸಲ ಅಧ್ಯಕ್ಷಗಿರಿಗೆ ನಿಂತವರು ನಮ್ಮ ಜಗಲಿಗೆ ಬಂದಾಗ ನನ್ನ ತಾಯಿ ಕೆರೆಯ ಮಾತನ್ನೇ ಎತ್ತುತ್ತಾರೆ. ಆಗ "ಅದು ನಮ್ಮ ವಾರ್ಡಿಗೆ ಬರಲ್ಲಮ್ಮಾ" ಎಂದು ಹೇಳಲು ಯಾರಿಗೂ ಬಾಯಿ ಬರುವುದಿಲ್ಲ.